ಬೆಂಗಳೂರು ನಗರದ ಮರಣ ನೋಂದಣಿ ಸೇವೆ: ಪ್ರಮಾಣಪತ್ರ ಸಲೀಸು, ಕಾರಣ ಮಸುಕು

ಜನನ, ಮರಣ ನೋಂದಣಿಯ ಆನ್‌ಲೈನ್ ವ್ಯವಸ್ಥೆ ಇ-ಜನ್ಮ ಬಂದ ಮೇಲೆ ಪ್ರಮಾಣಪತ್ರದ ಅಲೆದಾಟ ತಗ್ಗಿದೆ. ಆಸ್ಪತ್ರೆಯಲ್ಲಿ ಸಾವಾದರೆ ವರದಿ ಮಾಡುವ ಹೊಣೆ ಆಸ್ಪತ್ರೆಯದೇ. ಮನೆಯಲ್ಲಾದರೆ ಮನೆಯ ಯಜಮಾನರದು. 21 ದಿನದೊಳಗೆ ಉಚಿತ, 30ರವರೆಗೆ ವಿಳಂಬ ಶುಲ್ಕ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಇಲ್ಲಿಯವರೆಗೆ ತಕರಾರಿಲ್ಲ.

ಎಡವುವುದು ನಮೂನೆ 4ರಲ್ಲಿ, ಅಂದರೆ ವೈದ್ಯರು ತುಂಬುವ ಸಾವಿನ ಕಾರಣದ ಪತ್ರದಲ್ಲಿ. ಅದರ ‘ಎ’ ಸಾಲಿನಲ್ಲಿ ಕಡೆಗೆ ಜೀವ ತೆಗೆದ ತೊಂದರೆ ಬರಬೇಕು. ‘ಬಿ’, ‘ಸಿ’ಗಳಲ್ಲಿ ಅದಕ್ಕೆ ದಾರಿ ಮಾಡಿಕೊಟ್ಟ ಮೂಲ ಕಾಯಿಲೆ. ಸರಿಯಾಗಿ ತುಂಬಿದ ಪತ್ರದಲ್ಲಿ ಅಂಕಿಅಂಶಕ್ಕೆ ಹೋಗುವುದು ಕಟ್ಟಕಡೆಯ ಸಾಲು. ‘ಎ’ಯಲ್ಲಿ ‘ಹೃದಯ ಸ್ತಂಭನ’ ಎಂದಷ್ಟೇ ಗೀಚಿ ಉಳಿದದ್ದನ್ನು ಖಾಲಿ ಬಿಟ್ಟರೆ ಆ ಪತ್ರ ಏನನ್ನೂ ಹೇಳುವುದಿಲ್ಲ. ಹೃದಯ ನಿಲ್ಲದೆ ಯಾರು ತಾನೆ ಸಾಯುತ್ತಾರೆ? 30 ವಾರಕ್ಕೇ ಹುಟ್ಟಿದ ಕೂಸು ಉಸಿರಾಟದ ತೊಂದರೆಯಿಂದ ಹೋದರೆ, ಅವಧಿಗೆ ಮುನ್ನ ಹುಟ್ಟಿದ್ದು ಕೆಳಗಿನ ಸಾಲಿನಲ್ಲಿ ಕಾಣಲೇಬೇಕು. ವಯಸ್ಸು ಒಂದು ದಿನದೊಳಗಿದ್ದರೆ ಗಂಟೆಯಲ್ಲಿ, ತಿಂಗಳೊಳಗಿದ್ದರೆ ದಿನದಲ್ಲಿ, ವರ್ಷದೊಳಗಿದ್ದರೆ ತಿಂಗಳಲ್ಲಿ ಬರೆಯಬೇಕು.

ಹುಟ್ಟಿ ಒಮ್ಮೆ ಉಸಿರಾಡಿ ಹೋದ ಮಗುವಿಗೆ ಜನನ, ಮರಣ ಎರಡೂ ವರದಿ ಬೇಕು. ಅದನ್ನು ನಿರ್ಜೀವ ಜನನವೆಂದು ನಮೂನೆ 3ರಲ್ಲಿ ಮುಗಿಸಿಬಿಟ್ಟರೆ ಶಿಶು ಮರಣದ ಲೆಕ್ಕಕ್ಕೇ ಬರುವುದಿಲ್ಲ, ದರ ಸುಳ್ಳೇ ಇಳಿಯುತ್ತದೆ.

ಇನ್ನೊಂದು ತೊಡಕು ವಿಳಾಸದ್ದು. ನೋಂದಣಿ ನಡೆಯುವುದು ಘಟನೆ ನಡೆದ ಜಾಗದಲ್ಲಿ. ಕೋಲಾರದಲ್ಲೋ ತುಮಕೂರಿನಲ್ಲೋ ಹುಟ್ಟಿ ಬೆಂಗಳೂರಿನ ತೀವ್ರ ನಿಗಾ ಘಟಕದಲ್ಲಿ ತೀರಿಕೊಂಡ ಕೂಸಿನ ಜನನ ಅಲ್ಲಿ, ಮರಣ ಇಲ್ಲಿ. ಸಾವಿರ ಜೀವಂತ ಜನನಕ್ಕೆ ಇಷ್ಟು ಸಾವು ಎಂದು ಭಾಗಿಸುವಾಗ ಮೇಲಿನ ಸಂಖ್ಯೆ ಒಂದೂರಿನದು, ಕೆಳಗಿನದು ಇನ್ನೊಂದೂರಿನದು. ಇದನ್ನು ಸರಿಪಡಿಸಲು ಇರುವುದು ವರದಿಯ ನಮೂನೆಯಲ್ಲಿನ ವಾಸಸ್ಥಳದ ಕಲಂ ಒಂದೇ. ಅಲ್ಲಿ ಹೆರಿಗೆಗೆ ಹೋದ ತವರಿನ ವಿಳಾಸ ಕೊಡಬೇಡಿ, ತಾಯಿ ಎಂದಿನಂತೆ ವಾಸಿಸುವ ಮನೆಯದನ್ನು ಕೊಡಿ. ಈ ಜರಡಿ ಹಿಡಿಯದೆ ಜಿಲ್ಲೆಜಿಲ್ಲೆಯ ದರ ಹೋಲಿಸುವ ಪಟ್ಟಿಗಳನ್ನು ನಂಬುವುದು ಕಷ್ಟ.

ಮನೆಯವರಿಗೆ ಒಂದು ಮಾತು: ಮರಣ ಪ್ರಮಾಣಪತ್ರದಲ್ಲಿ ಕಾರಣ ಹುಡುಕಬೇಡಿ, 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ 17ನೇ ಕಲಮೇ ಅದನ್ನು ನಮೂದಿಸಲು ಬಿಡುವುದಿಲ್ಲ. ಕಾರಣದ ಪತ್ರದ ಪ್ರತಿಯನ್ನು ಆಸ್ಪತ್ರೆಯಲ್ಲೇ ಕೇಳಿ ಪಡೆಯಿರಿ. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಹತ್ತಿರದ ಬಂಧುವಿಗೆ ಅದನ್ನು ಕೊಡಲೇಬೇಕು.