ನೆಕ್ಕುವ ತೊಟ್ಟಿಯಲ್ಲಿ ನಿಂತ ನೀರು: ಕುರಿ ಸಾಕುವವರಿಗೆ ಒಂದು ಎಚ್ಚರಿಕೆ

ಹದಿನೆಂಟು ಕುರಿಗಳ ಸಣ್ಣ ಮಂದೆಯೊಂದರಲ್ಲಿ ಒಂದೇ ಬೆಳಿಗ್ಗೆ ಮೂರು ಕುರಿ ಸತ್ತವು. ಹಾವು ಕಚ್ಚಿರಲಿಲ್ಲ, ವಿಷದ ಸೊಪ್ಪು ತಿಂದಿರಲಿಲ್ಲ, ರೋಗವೂ ಇರಲಿಲ್ಲ. ಒಣ ಹುಲ್ಲಿನ ಕಾಲದಲ್ಲಿ ಮೈ ಇಳಿಯದಿರಲಿ ಎಂದು ಇಟ್ಟಿದ್ದ ನೆಕ್ಕುವ ಪುಡಿಯೇ ಅವನ್ನು ಕೊಂದಿತ್ತು. ಉಪ್ಪು, ಹಿಂಡಿ, ತೌಡು, ಖನಿಜ ಮಿಶ್ರಣದ ಜೊತೆಗೆ ಶೇ. 10ರಷ್ಟು ಯೂರಿಯಾ ಸೇರಿಸಿದ ಪುಡಿ ಅದು. ವಾರಗಟ್ಟಲೆ ಅದನ್ನೇ ನೆಕ್ಕಿಕೊಂಡು ಚೆನ್ನಾಗಿದ್ದ ಕುರಿಗಳು ಒಂದು ರಾತ್ರಿ ಕಳೆಯುವಷ್ಟರಲ್ಲಿ ಹೇಗೆ ಸತ್ತವು ಎಂಬುದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಇದೇ ಸರಣಿ ಎಲ್ಲಿ ಬೇಕಾದರೂ ನಡೆಯಬಹುದು.

ಪುಡಿ ಮುಗಿದು ನಾಲ್ಕು ದಿನ ತೊಟ್ಟಿ ಖಾಲಿ ಇತ್ತು. ಐದನೆಯ ಸಂಜೆ ಹತ್ತು ಕಿಲೋ ಹೊಸ ಪುಡಿ ತುಂಬಿಸಲಾಯಿತು. ರಾತ್ರಿ ಮಳೆ ಬಂತು. ತೊಟ್ಟಿಯ ಮೇಲೆ ಸೂರಿರಲಿಲ್ಲ, ತಳದಲ್ಲಿ ತೂತಿರಲಿಲ್ಲ. ಬೆಳಿಗ್ಗೆ ಮೇವು ಹಾಕುವ ಮೊದಲೇ ಕುರಿಗಳನ್ನು ಬಿಟ್ಟಾಗ, ಹಸಿದ ಹೊಟ್ಟೆಯ ಐದಾರು ಕುರಿಗಳು ನೇರವಾಗಿ ತೊಟ್ಟಿಗೆ ಹೋಗಿ ಅದರಲ್ಲಿ ನಿಂತಿದ್ದ ಕಂದು ಬಣ್ಣದ ನೀರನ್ನು ಕುಡಿದವು. ಅರ್ಧ ಗಂಟೆಯಲ್ಲಿ ಕಿವಿ, ತುಟಿ ಅದುರತೊಡಗಿದವು. ಹಲ್ಲು ಕಡಿಯುವುದು, ಬಾಯಲ್ಲಿ ನೊರೆ, ಎಡಪಕ್ಕೆಯಲ್ಲಿ ಉಬ್ಬರ, ತೂರಾಡುವ ನಡಿಗೆ, ಏದುಸಿರು, ಆಮೇಲೆ ನೆಲಕ್ಕೆ ಬಿದ್ದು ಸೆಟೆದುಕೊಳ್ಳುವುದು. ಪಶುವೈದ್ಯರು ಬರುವಷ್ಟರಲ್ಲಿ ಎರಡು ಹೋಗಿದ್ದವು, ಮೂರನೆಯದು ಅವರ ಕಣ್ಣೆದುರೇ ಹೋಯಿತು.

ಲೆಕ್ಕ ನೋಡಿ. ಹತ್ತು ಕಿಲೋ ಪುಡಿಯಲ್ಲಿ ಯೂರಿಯಾ ಒಂದು ಕಿಲೋ. ಯೂರಿಯಾ ನೀರಿನಲ್ಲಿ ಸಕ್ಕರೆಯಷ್ಟೇ ಸಲೀಸಾಗಿ ಕರಗುತ್ತದೆ. ತೊಟ್ಟಿಯಲ್ಲಿ ಐದು ಲೀಟರ್ ನೀರು ನಿಂತು, ಇದ್ದ ಯೂರಿಯಾದಲ್ಲಿ ಅರ್ಧ ಮಾತ್ರ ಕರಗಿದರೂ ಲೀಟರಿಗೆ 100 ಗ್ರಾಂ ಆಯಿತು. ರೂಢಿಯಿಲ್ಲದ ಕುರಿಗೆ ಮೈತೂಕದ ಕಿಲೋಗೆ 0.3ರಿಂದ 0.5 ಗ್ರಾಂ ಯೂರಿಯಾ ಒಮ್ಮೆಗೇ ಹೊಟ್ಟೆ ಸೇರಿದರೆ ವಿಷವಾಗುತ್ತದೆ, 1ರಿಂದ 1.5 ಗ್ರಾಂ ಸೇರಿದರೆ ಸಾಮಾನ್ಯವಾಗಿ ಸಾವು. ಅಂದರೆ 30 ಕಿಲೋ ತೂಗುವ ಕುರಿಗೆ ಆ ನೀರು ಒಂದು ಲೋಟ ಸಾಕು ಕಾಯಿಲೆ ಬೀಳಲು, ಅರ್ಧ ಲೀಟರ್ ಸಾಕು ಸಾಯಲು. ಒಣ ಪುಡಿಯಾಗಿದ್ದರೆ ಉಪ್ಪಿನ ಖಾರಕ್ಕೆ ಕುರಿ ಸ್ವಲ್ಪ ನೆಕ್ಕಿ ಬಿಡುತ್ತದೆ. ನೀರಾದರೆ ಆ ತಡೆಯೇ ಇಲ್ಲ. ಬಾಯಾರಿದ ಕುರಿ ಗಟಗಟ ಕುಡಿಯುತ್ತದೆ.

ಮಳೆಯೊಂದೇ ಕಾರಣವಲ್ಲ. ಆ ನಾಲ್ಕು ದಿನದ ಬಿಡುವು ಮಳೆಯಷ್ಟೇ ದೊಡ್ಡ ಕಾರಣ. ಕುರಿಯ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಆ ಅಮೋನಿಯಾದಿಂದ ತಮ್ಮ ಮೈಯ ಪ್ರೋಟೀನ್ ಕಟ್ಟಿಕೊಳ್ಳುತ್ತವೆ. ಕುರಿಗೆ ಸಿಗುವುದು ಆ ಪ್ರೋಟೀನ್. ಕಟ್ಟುವ ವೇಗಕ್ಕಿಂತ ಒಡೆಯುವ ವೇಗ ಹೆಚ್ಚಾದರೆ ಉಳಿದ ಅಮೋನಿಯಾ ರಕ್ತಕ್ಕೆ ಇಳಿಯುತ್ತದೆ. ಸ್ವಲ್ಪವಾದರೆ ಪಿತ್ತಜನಕಾಂಗ ಅದನ್ನು ಮತ್ತೆ ಯೂರಿಯಾ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ, ಮಿತಿ ಮೀರಿದರೆ ಮೆದುಳಿಗೆ ಏಟು. ಈ ಇಡೀ ವ್ಯವಸ್ಥೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಆದರೆ ಯೂರಿಯಾ ತಪ್ಪಿದ ಒಂದರಿಂದ ಮೂರು ದಿನದಲ್ಲೇ ಆ ರೂಢಿ ಕಳೆದುಹೋಗುತ್ತದೆ. ‘ಹೋದ ವಾರದವರೆಗೂ ತಿನ್ನುತ್ತಿದ್ದವಲ್ಲ’ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ಎರಡು ದಿನ ಖಾಲಿ ಇದ್ದರೆ ಮೊದಲಿನಿಂದ ರೂಢಿ ಮಾಡಿಸಬೇಕು.

ಮೂರನೆಯದು ಖಾಲಿ ಹೊಟ್ಟೆ. ಸೂಕ್ಷ್ಮಜೀವಿಗಳಿಗೆ ಅಮೋನಿಯಾ ಬಳಸಿಕೊಳ್ಳಲು ಶಕ್ತಿ ಬೇಕು, ಅದು ಬರುವುದು ಹುಲ್ಲಿನಿಂದ, ಕಾಕಂಬಿಯಿಂದ, ಧಾನ್ಯದಿಂದ. ಒಣ ಹುಲ್ಲು ಎಷ್ಟು ಬೇಕಾದರೂ ಇದೆ, ಆದರೆ ಅದರಲ್ಲಿ ಪ್ರೋಟೀನ್ ಇಲ್ಲ ಎಂಬ ಸ್ಥಿತಿಗೆ ಮಾತ್ರ ಯೂರಿಯಾ ನೆಕ್ಕು ಸರಿಯಾದ ಮದ್ದು. ಹುಲ್ಲೇ ಇಲ್ಲದಿದ್ದಾಗ ಮೇವಿನ ಬದಲು ಇದನ್ನು ಇಡುವುದು ಅತಿ ಕೆಟ್ಟ ಕೆಲಸ. ಹಸಿರು ಹುಲ್ಲು ಚಿಗುರಿದ ಮೇಲೂ ಇಡಬೇಡಿ, ಆಗ ಮೇವಿನಲ್ಲೇ ಸಾಕಷ್ಟು ಸಾರಜನಕ ಇರುತ್ತದೆ.

ಪ್ರಮಾಣ ಎಷ್ಟಿರಬೇಕು? ಒಟ್ಟು ಒಣ ಮೇವಿನ ತೂಕದ ಶೇ. 1ಕ್ಕಿಂತ ಹೆಚ್ಚು ಯೂರಿಯಾ ಬೇಡ. 30 ಕಿಲೋ ಕುರಿ ದಿನಕ್ಕೆ ಸುಮಾರು 900 ಗ್ರಾಂ ಒಣ ಪದಾರ್ಥ ತಿನ್ನುತ್ತದೆ ಎಂದುಕೊಂಡರೆ 8 ಗ್ರಾಂ ಯೂರಿಯಾಕ್ಕೆ ನಿಲ್ಲಿಸುವುದು ಕ್ಷೇಮ, ಅದೂ ದಿನವಿಡೀ ಸ್ವಲ್ಪ ಸ್ವಲ್ಪವಾಗಿ. ಶೇ. 10 ಯೂರಿಯಾದ ಪುಡಿಯಾದರೆ ಕುರಿಗೆ 80 ಗ್ರಾಂ. ಇಪ್ಪತ್ತು ಕುರಿಗೆ ದಿನಕ್ಕೆ 1.6 ಕಿಲೋ, ವಾರಕ್ಕೆ ಹನ್ನೊಂದು ಕಿಲೋ ಚಿಲ್ಲರೆ. ತೊಟ್ಟಿಯನ್ನು ತುಂಬುವಾಗ ತೂಗಿ, ಮೂರು ದಿನ ಬಿಟ್ಟು ಮತ್ತೆ ತೂಗಿ, ಕುರಿಗಳ ಸಂಖ್ಯೆಯಿಂದಲೂ ದಿನಗಳಿಂದಲೂ ಭಾಗಿಸಿ. ಕಣ್ಣಂದಾಜು ಬೇಡ. ಹೆಚ್ಚು ತಿನ್ನುತ್ತಿದ್ದರೆ ಉಪ್ಪು ಹೆಚ್ಚಿಸಿ, ತೊಟ್ಟಿಯನ್ನು ನೀರಿನ ಜಾಗದಿಂದ ದೂರಕ್ಕೆ ಸರಿಸಿ. ಮುಟ್ಟುತ್ತಲೇ ಇಲ್ಲವಾದರೆ ಉಪ್ಪು ಇಳಿಸಿ, ಹಿಂಡಿ ಸ್ವಲ್ಪ ಏರಿಸಿ. ಉಪ್ಪು ಏರಿಸಿದಾಗಲೆಲ್ಲ ಒಳ್ಳೆಯ ನೀರು ಸದಾ ಸಿಗುತ್ತಿರಬೇಕು. ನೀರು ಕಡಿಮೆ ಬಿದ್ದರೆ ಉಪ್ಪೇ ವಿಷವಾಗುತ್ತದೆ.

ಈ ಸರಾಸರಿ ಲೆಕ್ಕದಲ್ಲೂ ಒಂದು ಮೋಸ ಅಡಗಿದೆ. ಒಂದೇ ತೊಟ್ಟಿ ಇದ್ದರೆ ಬಲವಾದ ಮೂರು ನಾಲ್ಕು ಕುರಿಗಳು ಅಲ್ಲೇ ಠಿಕಾಣಿ ಹೂಡುತ್ತವೆ, ಬಡಕಲು ಕುರಿಗಳಿಗೆ ಸಿಗುವುದೇ ಇಲ್ಲ. ಸರಾಸರಿ 80 ಗ್ರಾಂ ಎಂದು ನೀವು ನೆಮ್ಮದಿಯಿಂದ ಇರುವಾಗ ಅಲ್ಲೊಂದು ಟಗರು 250 ಗ್ರಾಂ ತಿಂದಿರುತ್ತದೆ. ಇಪ್ಪತ್ತು ಕುರಿಯ ಮಂದೆಗೂ ಕನಿಷ್ಠ ಎರಡು, ಸಾಧ್ಯವಾದರೆ ಮೂರು ತೊಟ್ಟಿ ಇಡಿ, ಒಂದರಿಂದ ಇನ್ನೊಂದಕ್ಕೆ ಹತ್ತು ಹನ್ನೆರಡು ಹೆಜ್ಜೆ ದೂರವಿರಲಿ.

ರೂಢಿ ಮಾಡಿಸುವ ಕ್ರಮ ಹೀಗಿರಲಿ. ಮೊದಲ ವಾರ ಉಪ್ಪು, ತೌಡು, ಖನಿಜ ಮಾತ್ರ, ಯೂರಿಯಾ ಬೇಡವೇ ಬೇಡ. ಉಪ್ಪಿಗೆ ಹಪಹಪಿಸುವ ಕುರಿಗೆ ನೇರವಾಗಿ ಯೂರಿಯಾ ಪುಡಿ ತೋರಿಸಿದರೆ ಅದು ಉಪ್ಪಿನ ಆಸೆಗೇ ಮುಗಿಬಿದ್ದು ತಿನ್ನುತ್ತದೆ. ಈ ಒಂದು ವಾರವನ್ನು ತಪ್ಪಿಸುವವರೇ ಹೆಚ್ಚು. ಎರಡನೆಯ ವಾರ ಶೇ. 3, ಮೂರನೆಯ ವಾರ ಶೇ. 5, ಆಮೇಲೆ ಬೇಕೆನಿಸಿದರೆ ಮೇಲೆ. ನಿಜ ಹೇಳಬೇಕೆಂದರೆ ಸಣ್ಣ ಮಂದೆಗೆ ಶೇ. 5ರಲ್ಲೇ ನಿಂತರೆ ನಷ್ಟವೇನೂ ಇಲ್ಲ. ಪ್ರತಿದಿನ ಮೇದು ಹೊಟ್ಟೆ ತುಂಬಿಸಿಕೊಂಡು ಬಂದ ಮೇಲೆಯೇ ತೊಟ್ಟಿ ತೋರಿಸಿ, ಮೊದಲ ದಿನಗಳಲ್ಲಿ ಒಂದು ಗಂಟೆ ಬಿಟ್ಟು ತೆಗೆದಿಡಿ. ಆರು ತಿಂಗಳಿಗಿಂತ ಚಿಕ್ಕ ಮರಿ, ಕಾಯಿಲೆ ಬಿದ್ದ ಕುರಿ, ದೂರದಿಂದ ಹೊಸದಾಗಿ ತಂದ ಹಸಿದ ಕುರಿ, ಇವುಗಳ ಹತ್ತಿರ ಯೂರಿಯಾ ಸುಳಿಯಬಾರದು.

ತೊಟ್ಟಿಯ ಮೇಲೆ ಸೂರು ಇರಲೇಬೇಕು, ಇರಚಲು ಬಡಿಯದಂತೆ ಅಂಚು ಚಾಚಿರಬೇಕು. ತಳದಲ್ಲಿ ಬೆರಳು ಗಾತ್ರದ ನಾಲ್ಕೈದು ತೂತು ಕೊರೆದು, ತೊಟ್ಟಿಯನ್ನು ಒಂದು ಕಡೆಗೆ ಓರೆಯಾಗಿ ನಿಲ್ಲಿಸಿ. ತೂತು ಪುಡಿಯಿಂದ ಮುಚ್ಚಿಕೊಳ್ಳುತ್ತದೆ, ವಾರಕ್ಕೊಮ್ಮೆ ಕಡ್ಡಿ ಹಾಕಿ ಬಿಡಿಸಿ. ಒದ್ದೆಯಾದ ಪುಡಿಯನ್ನು ಒಣಗಿಸಿ ಮತ್ತೆ ಇಡಬೇಡಿ. ಕರಗಿದ ಯೂರಿಯಾ ಒಣಗುವಾಗ ಒಂದೇ ಕಡೆ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಸಿಕ್ಕ ಕುರಿಯ ಕತೆ ಮುಗಿದಂತೆ. ತೆಗೆದ ನೀರನ್ನು ಪಕ್ಕದಲ್ಲೇ ಚೆಲ್ಲಬೇಡಿ, ಅದು ನಿಂತ ಗುಂಡಿಯಿಂದಲೂ ಕುರಿ ಕುಡಿಯುತ್ತದೆ.

ಪುಡಿಯ ಬದಲು ಮನೆಯಲ್ಲೇ ಬಿಲ್ಲೆ (ಗಟ್ಟಿಯಾಗಿ ಅಚ್ಚು ಹಾಕಿದ ನೆಕ್ಕುವ ಗಡ್ಡೆ) ಕಟ್ಟುವವರಿಗೆ ಎರಡು ಮಾತು. ಚಾಲ್ತಿಯಲ್ಲಿರುವ ಒಂದು ಅಳತೆ ಹೀಗಿದೆ: ಕಾಕಂಬಿ 38, ತೌಡು 37, ಯೂರಿಯಾ 10, ಸಿಮೆಂಟು 10, ಉಪ್ಪು 5 ಭಾಗ. ಕುರಿಗಾದರೆ ಯೂರಿಯಾ 5ಕ್ಕೆ ಇಳಿಸಿ ತೌಡು 42 ಮಾಡಿ. ಯೂರಿಯಾದ ಗಂಟುಗಳನ್ನು ಕುಟ್ಟಿ, ಜರಡಿ ಹಿಡಿದು, ಕಾಕಂಬಿಗೆ ಹಾಕಿ ಕಾಳು ಕಾಣದವರೆಗೆ ಕಲಕಬೇಕು. ಕಾಕಂಬಿ ಗಟ್ಟಿ ಎಂದು ನೀರು ಬೆರೆಸಿದರೆ ಬಿಲ್ಲೆ ಮೆತ್ತಗಾಗುತ್ತದೆ. ಮೆತ್ತಗಿನ ಬಿಲ್ಲೆಯನ್ನು ಕುರಿ ನೆಕ್ಕುವುದಿಲ್ಲ, ಕಚ್ಚಿ ತಿನ್ನುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಗುಳಿ ಬಿದ್ದರೆ ಆ ಬಿಲ್ಲೆ ಮಂದೆಗೆ ಹೋಗಬಾರದು. ಹಸಿ ಸೋಯಾ ಪುಡಿಯನ್ನಂತೂ ಯೂರಿಯಾ ಜೊತೆ ಸೇರಿಸಲೇಬೇಡಿ. ಅದರಲ್ಲಿರುವ ಯೂರಿಯೇಸ್ ಕಿಣ್ವ ಯೂರಿಯಾವನ್ನು ಇನ್ನೂ ಬೇಗ ಅಮೋನಿಯಾ ಮಾಡುತ್ತದೆ.

ಕೊಂಡು ತರುವ ಬಿಲ್ಲೆಯ ಮೇಲೆ ಎಷ್ಟೋ ಸಲ ಯೂರಿಯಾ ಎಂಬ ಹೆಸರೇ ಇರುವುದಿಲ್ಲ. ‘ಪ್ರೋಟೀನೇತರ ಸಾರಜನಕದಿಂದ ಬಂದ ಕಚ್ಚಾ ಪ್ರೋಟೀನ್ ಶೇ. ಇಷ್ಟು’ ಎಂದು ಬರೆದಿರುತ್ತಾರೆ. ಆ ಅಂಕಿಯನ್ನು 2.87ರಿಂದ ಭಾಗಿಸಿದರೆ ಯೂರಿಯಾದ ಶೇಕಡಾವಾರು ಸಿಗುತ್ತದೆ. ಶೇ. 28.7 ಎಂದಿದ್ದರೆ ಯೂರಿಯಾ ಶೇ. 10.

ಅದೇ ಚೀಟಿಯಲ್ಲಿ ಇನ್ನೊಂದು ಸಾಲನ್ನು ಓದಲೇಬೇಕು: ತಾಮ್ರ. ಯೂರಿಯಾ ಕೆಲವೇ ಗಂಟೆಗಳಲ್ಲಿ ಕೊಂದರೆ ತಾಮ್ರ ತಿಂಗಳುಗಟ್ಟಲೆ ಸದ್ದಿಲ್ಲದೆ ಕೂತು ಕೊಲ್ಲುತ್ತದೆ. ದನವೂ ಕುರಿಯೂ ಒಟ್ಟಿಗೆ ಇರುವಲ್ಲಿ ದನದ ಬಿಲ್ಲೆಯನ್ನೇ ಕುರಿಗೂ ಕಟ್ಟುವುದು ವಾಡಿಕೆ, ಅನಾಹುತದ ಬೇರು ಅಲ್ಲಿದೆ. ದನಕ್ಕೆ ಬೇಕಾದಷ್ಟು ತಾಮ್ರ ಕುರಿಗೆ ವಿಷ, ಅದು ಹೊರಹೋಗದೆ ಪಿತ್ತಜನಕಾಂಗದಲ್ಲಿ ಶೇಖರವಾಗುತ್ತಲೇ ಇರುತ್ತದೆ. ದನದ ಖನಿಜ ಪುಡಿಯಲ್ಲಿ ಕಿಲೋಗೆ 1500 ಮಿ.ಗ್ರಾಂ ತಾಮ್ರ ಇದ್ದು, ಕುರಿ ದಿನಕ್ಕೆ ಬರೀ 15 ಗ್ರಾಂ ನೆಕ್ಕಿದರೂ 22.5 ಮಿ.ಗ್ರಾಂ ಒಳಗೆ ಹೋಯಿತು. ದಿನಕ್ಕೆ ಒಂದು ಕಿಲೋ ಮೇವು ತಿನ್ನುವ ಕುರಿಗೆ ಇದು ಮೇವಿನಲ್ಲಿರುವ ತಾಮ್ರದ ಮೇಲೆ ಕಿಲೋಗೆ 22.5 ಮಿ.ಗ್ರಾಂ ಹೆಚ್ಚುವರಿ. ಐರೋಪ್ಯ ಒಕ್ಕೂಟ ಕುರಿಯ ಪೂರ್ಣ ಆಹಾರಕ್ಕೆ ಹಾಕಿರುವ ಮೇಲ್ಮಿತಿಯೇ ಕಿಲೋಗೆ 15 ಮಿ.ಗ್ರಾಂ. ಚೀಟಿಯಲ್ಲಿ ಶೇ. 0.1 ಎಂದು ಚಿಕ್ಕದಾಗಿ ಕಂಡರೆ ಹಗುರವಾಗಿ ತೆಗೆದುಕೊಳ್ಳಬೇಡಿ, ಅದು ಕಿಲೋಗೆ 1000 ಮಿ.ಗ್ರಾಂ. ತಾಮ್ರ ಮೈಗೆ ಸೇರದಂತೆ ತಡೆಯುವ ಮಾಲಿಬ್ಡಿನಂ ಎಂಬ ಖನಿಜ ಮೇವಿನಲ್ಲಿ ಕಡಿಮೆ ಇದ್ದರೆ ಇನ್ನೂ ಕಡಿಮೆ ತಾಮ್ರವೇ ಸಾಕು ಕೆಡುಕಿಗೆ.

ವಾರ, ತಿಂಗಳು ಕುರಿ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಉಣ್ಣೆ ಕತ್ತರಿಸುವುದೋ, ದೂರದ ಸಾಗಣೆಯೋ, ಮೇವಿನ ಬದಲಾವಣೆಯೋ, ಏನಾದರೊಂದು ಒತ್ತಡ ಬಿದ್ದಾಗ ಪಿತ್ತಜನಕಾಂಗದಿಂದ ತಾಮ್ರ ಒಮ್ಮೆಲೇ ರಕ್ತಕ್ಕೆ ನುಗ್ಗಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕಣ್ಣಿನ ಒಳರೆಪ್ಪೆ ಮತ್ತು ಒಸಡು ಹಳದಿ, ಮೂತ್ರ ಕಡುಗೆಂಪು, ಒಂದೆರಡು ದಿನದಲ್ಲಿ ಸಾವು. ಕೊಯ್ದು ನೋಡಿದರೆ ಮೂತ್ರಪಿಂಡ ಕಪ್ಪುನೀಲಿ ಬಣ್ಣಕ್ಕೆ ತಿರುಗಿರುತ್ತದೆ. ಒಂದು ಕುರಿ ಹೀಗೆ ಸತ್ತರೆ ಉಳಿದವುಗಳ ಒಳಗೂ ಅಷ್ಟೇ ತಾಮ್ರ ಕೂತಿದೆ ಎಂದೇ ತಿಳಿಯಿರಿ. ಬಿಲ್ಲೆಯನ್ನು ಆ ಕ್ಷಣವೇ ತೆಗೆಯಿರಿ, ಉಳಿದ ಮಂದೆಯನ್ನು ಓಡಿಸದೆ ಬೆದರಿಸದೆ ಇರಿಸಿ ಪಶುವೈದ್ಯರನ್ನು ಕರೆಸಿ. ಮಾಲಿಬ್ಡೇಟ್ ಮತ್ತು ಥಯೋಸಲ್ಫೇಟ್ ಕೊಟ್ಟು ತಾಮ್ರ ಇಳಿಸುವ ಚಿಕಿತ್ಸೆ ಇದೆ, ಪ್ರಮಾಣ ಹೇಳಬೇಕಾದವರು ಅವರೇ. ದನದ ಕೆಲವು ಬಿಲ್ಲೆಗಳಲ್ಲಿ ಮೊನೆನ್ಸಿನ್ ಎಂಬ ಔಷಧವೂ ಇರುತ್ತದೆ. ಅಳತೆ ಮೀರಿದರೆ ಅದು ಕುರಿಗೂ ಅಪಾಯ, ಕುದುರೆಗಂತೂ ಸ್ವಲ್ಪವೇ ಪ್ರಾಣಾಂತಕ.

ಬೀಜ ಒಡೆಸಿದ ಟಗರುಗಳಿದ್ದರೆ ಸುಣ್ಣ ಮತ್ತು ರಂಜಕದ ಪ್ರಮಾಣವನ್ನೂ ನೋಡಿಕೊಳ್ಳಿ. ಒಟ್ಟು ಆಹಾರದಲ್ಲಿ ಒಂದು ಭಾಗ ರಂಜಕಕ್ಕೆ ಎರಡು ಭಾಗವಾದರೂ ಸುಣ್ಣ (ಕ್ಯಾಲ್ಸಿಯಂ) ಇರಬೇಕು. ಧಾನ್ಯ ಮತ್ತು ತೌಡು ಹೆಚ್ಚಾದರೆ ರಂಜಕ ಏರಿ ಮೂತ್ರನಾಳದಲ್ಲಿ ಕಲ್ಲು ಕಟ್ಟುತ್ತದೆ. ಬಾಲ ಅಲುಗಿಸುತ್ತ ತಿಣುಕುವ, ಹನಿ ಹನಿ ಮೂತ್ರ ಮಾಡುವ ಟಗರನ್ನು ನಾಳೆಗೆ ಬಿಡಬೇಡಿ. ರಂಜಕಕ್ಕಾಗಿ ಹೊಲಕ್ಕೆ ಹಾಕುವ ರಸಗೊಬ್ಬರ ಬೆರೆಸುವುದೂ ತಪ್ಪು, ಅದರಲ್ಲಿ ಫ್ಲೋರಿನ್ ಇರುತ್ತದೆ. ಪಶು ಆಹಾರಕ್ಕೆಂದೇ ಬರುವ ಡೈಕ್ಯಾಲ್ಸಿಯಂ ಫಾಸ್ಫೇಟನ್ನೇ ಬಳಸಿ.

ಯೂರಿಯಾ ವಿಷವೇರಿದೆ ಎಂಬ ಅನುಮಾನ ಬಂದ ಕೂಡಲೇ ಮೊದಲು ತೊಟ್ಟಿಯಿಂದ ಇಡೀ ಮಂದೆಯನ್ನು ದೂರ ಮಾಡಿ, ಆಮೇಲೆ ಬಿದ್ದ ಕುರಿಯನ್ನು ನೋಡಿ. ಶೇ. 5ರ ವಿನೆಗರ್ ಅರ್ಧದಿಂದ ಒಂದು ಲೀಟರ್, ಅಷ್ಟೇ ತಣ್ಣೀರು ಬೆರೆಸಿ ಬೆಳೆದ ಕುರಿಗೆ ಕುಡಿಸಬಹುದು. ಹುಳಿ ಅಮೋನಿಯಾವನ್ನು ರಕ್ತಕ್ಕೆ ಇಳಿಯದಂತೆ ಹಿಡಿದಿಡುತ್ತದೆ, ತಣ್ಣೀರು ಯೂರಿಯಾ ಒಡೆಯುವ ವೇಗ ತಗ್ಗಿಸುತ್ತದೆ. ಎದ್ದು ನಿಂತು ನುಂಗಬಲ್ಲ ಕುರಿಗೆ ಮಾತ್ರ ಇದು, ತಲೆ ಬೆನ್ನಿನ ಮಟ್ಟಕ್ಕಿಂತ ಮೇಲೇಳದಂತೆ ಹಿಡಿದು, ನಿಧಾನವಾಗಿ. ಸೆಟೆದುಕೊಂಡ ಕುರಿಯ ಬಾಯಿಗೆ ಸುರಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಅಂಥದ್ದಕ್ಕೆ ಹೊಟ್ಟೆಗೆ ನಳಿಕೆ ಇಳಿಸಬೇಕು, ಅದು ಪಶುವೈದ್ಯರ ಕೆಲಸ. ಇನ್ನೂ ಚೆನ್ನಾಗಿ ಕಾಣುವ, ಆದರೆ ಆ ನೀರು ಕುಡಿದ ಕುರಿಗಳಿಗೆ ಮೊದಲು ಕುಡಿಸಿ. ಉಳಿಯುವ ಸಾಧ್ಯತೆ ಹೆಚ್ಚಿರುವುದು ಅವಕ್ಕೇ.

ಸತ್ತ ಕುರಿಯ ಹೊಟ್ಟೆ ಬೇಗ ಉಬ್ಬಿ ಕೊಳೆಯುತ್ತದೆ, ತಡವಾದಷ್ಟೂ ಕಾರಣ ಹಿಡಿಯುವುದು ಕಷ್ಟ. ತಾಜಾ ಇರುವಾಗಲೇ ಪಶುವೈದ್ಯರು ಹೊಟ್ಟೆ ಕೊಯ್ದರೆ ಮೂಗಿಗೆ ಅಮೋನಿಯಾ ಘಾಟು ಹೊಡೆಯಬಹುದು, ಹೊಟ್ಟೆಯ ರಸದ ಪಿ.ಎಚ್. 7.5 ದಾಟಿರುತ್ತದೆ. ತೊಟ್ಟಿಯ ನೀರಿನಿಂದ ಅರ್ಧ ಬಾಟಲಿ, ಒಂದು ಹಿಡಿ ಪುಡಿ, ಬಿಲ್ಲೆಯ ಚೀಟಿ, ಈ ಮೂರನ್ನೂ ತೆಗೆದಿಟ್ಟುಕೊಂಡ ಮೇಲೆಯೇ ತೊಟ್ಟಿ ತೊಳೆಯಿರಿ.