ಕ್ಯಾಶ್ ಎಲ್ಲಿಡೋದು? ಮೂರು ಕಡೆ ಇಟ್ಟು ನೋಡಿದೆ

ಗಲ್ಲಾದ ಕ್ಯಾಶ್ ಅಲ್ಲ, ಕಂಪ್ಯೂಟರ್ ಮುಂದಿನ ಸಲ ಬೇಗ ಸಿಗಲಿ ಅಂತ ತಾನೇ ತಯಾರಿಸಿ ಇಟ್ಟುಕೊಳ್ಳುವ ಕ್ಯಾಶ್ ಫೈಲುಗಳ ವಿಷಯ.

ವಿಜಯಪುರದ ಗಾಂಧಿ ಚೌಕದ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಹಳೇ ಕಂಪ್ಯೂಟರ್, ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್. 4 ಜಿಬಿ ರ‍್ಯಾಮ್. ಸಿಸ್ಟಮ್ ವೇಗದ 120 ಜಿಬಿ ಎಸ್‌ಎಸ್‌ಡಿಯಲ್ಲಿ, ನನ್ನ ಫೈಲುಗಳಿರುವ ಹೋಮ್ ಫೋಲ್ಡರ್ ಹಾರ್ಡ್‌ಡಿಸ್ಕ್‌ನಲ್ಲಿ. ಲಗ್ನಪತ್ರಿಕೆ ಮಾಡಿಸಲು ಬಂದವರಿಗೆ ಡಿಸೈನ್ ಫೋಲ್ಡರ್ ತೆರೆದು ತೋರಿಸಬೇಕು. ಥಂಬ್‌ನೇಲ್ (ಫೈಲಿನ ಪುಟ್ಟ ನೋಟಚಿತ್ರ) ಬೇಗ ಮೂಡಿದರೆ ವ್ಯಾಪಾರವೂ ಬೇಗ.

ಈ ಥಂಬ್‌ನೇಲ್‌ಗಳೂ ಕ್ಯಾಶೇ. ಅವಕ್ಕೆ ಮೊದಲಿಂದ ಇದ್ದದ್ದು ಹೋಮ್ ಒಳಗಿನ ‘ಡಾಟ್ ಕ್ಯಾಶ್’ (.cache) ಫೋಲ್ಡರ್. ಏನೂ ಮಾಡಬೇಕಿಲ್ಲ, ಅದೇ ಅದರ ಗುಣ. ಆದರೆ ಬ್ಯಾಕಪ್ ದಿನ ಸಾಕುಸಾಕಾಗುತ್ತಿತ್ತು. ಅಂಗಡಿಯ ಹುಡುಗ ಹೋಮ್ ಪೂರ್ತಿ ಕಾಪಿ ಹೊಡೆಯುತ್ತಾನೆ. ಅದರ ಜೊತೆ ಸಾವಿರಾರು ಪುಟ್ಟ ಪುಟ್ಟ ಚಿತ್ರಗಳೂ ಹೋಗುತ್ತವೆ. ಮತ್ತೆ ತಯಾರಾಗುವ ವಸ್ತುವಿಗೆ ಬ್ಯಾಕಪ್ ಯಾಕೆ? ಇನ್ನೊಂದು ಕಿರಿಕಿರಿ: ಥಂಬ್‌ನೇಲ್‌ನ ಹೆಸರು ಮೂಲ ಫೈಲಿನ ವಿಳಾಸದಿಂದ ಹುಟ್ಟುತ್ತದೆ. ನಾನು ಫೋಲ್ಡರ್ ಹೆಸರು ಬದಲಿಸಿದರೆ ಎಲ್ಲಾ ಹೊಸದಾಗಿ ತಯಾರಾಗುತ್ತವೆ, ಹಳೆಯವು ಅಲ್ಲೇ ಕೊಳೆಯುತ್ತವೆ.

ಆಮೇಲೆ ರ‍್ಯಾಮ್‌ನಲ್ಲಿ, ಅಂದ್ರೆ ಟಿಎಂಪಿಎಫ್‌ಎಸ್‌ನಲ್ಲಿ ಇಟ್ಟೆ. ರ‍್ಯಾಮನ್ನೇ ಫೋಲ್ಡರಿನಂತೆ ಬಳಸುವ ವ್ಯವಸ್ಥೆ ಅದು. ಏನು ಸ್ಪೀಡ್ ಅಂತೀರಿ! ಮೂರು ದಿನ ಖುಷಿಯಾಗಿದ್ದೆ. ನಾಲ್ಕನೇ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾಗಿತ್ತು, ತಪ್ಪು ನನ್ನದೇ. ಕರೆಂಟ್ ಹೋದರೆ ರ‍್ಯಾಮ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಮತ್ತೆ ಚಾಲೂ ಮಾಡಿದಾಗ ಫೋಲ್ಡರ್ ತುಂಬಾ ಬೂದು ಚೌಕಗಳು. ಮೇಲಿನ ಸಾಲಿನಲ್ಲಿ ಒಂದು ಗಣಪತಿ ಮೂಡಿತು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಒಂದು ಕಳಸ. ಸಿಂದಗಿಯಿಂದ ಬಂದಿದ್ದ ಹಿರಿಯರು ಚಹಾ ಮುಗಿಸಿ, “ಯಾಕ್ರೀ, ನಿಮ್ಮ ಕಂಪ್ಯೂಟರ್ ಮಲಗೇತೇನ್ರೀ?” ಅಂದರು. ಮೇಲಾಗಿ ಕ್ಯಾಶ್ ತುಂಬಿದಷ್ಟೂ ರ‍್ಯಾಮ್ ತಿನ್ನುತ್ತದೆ. ನಾವು ಮಿತಿ ಹಾಕದಿದ್ದರೆ ಅರ್ಧದವರೆಗೂ ಹೋಗಬಹುದು. 4 ಜಿಬಿಯಲ್ಲಿ ಅರ್ಧ ಅದಕ್ಕೇ ಕೊಟ್ಟರೆ ಬ್ಯಾನರ್ ಕೆಲಸಕ್ಕೆ ಉಳಿಯೋದೇನು?

ಮೂರನೆಯದು ‘ವಾರ್’ ಒಳಗಿನ ‘ಕ್ಯಾಶ್’ (/var/cache). ಲಿನಕ್ಸ್‌ನ ಫೋಲ್ಡರ್ ನಿಯಮದಲ್ಲಿ ಆ ಜಾಗ ಇರೋದೇ ಇದಕ್ಕೆ: ಅಳಿಸಿದರೆ ನಷ್ಟವಿಲ್ಲ, ಆದರೆ ರೀಬೂಟ್ ಆದರೂ ಉಳಿಯಬೇಕು. ಪ್ರೋಗ್ರಾಮು ಹಾಕಿಕೊಡುವ ‘ಆಪ್ಟ್’ ಇಳಿಸಿದ ಪ್ಯಾಕೇಜುಗಳು, ಸಿಸ್ಟಮ್ ಫಾಂಟ್‌ಗಳ ಕ್ಯಾಶ್ ಎಲ್ಲಾ ಅಲ್ಲೇ. ರೂಟ್ (ಎಲ್ಲ ಅಧಿಕಾರವಿರುವ ಯೂಸರ್) ಆಗಿ ಒಂದು ಫೋಲ್ಡರ್ ಮಾಡಿ, ಒಡೆತನ ನನ್ನ ಹೆಸರಿಗೆ ಬರೆದು, ‘ಎಕ್ಸ್‌ಡಿಜಿ ಕ್ಯಾಶ್ ಹೋಮ್’ (XDG_CACHE_HOME) ಅನ್ನುವ, ಕ್ಯಾಶ್ ಎಲ್ಲಿಡಬೇಕೆಂದು ಪ್ರೋಗ್ರಾಮುಗಳಿಗೆ ಹೇಳುವ ವೇರಿಯೇಬಲ್‌ಗೆ ಅದರ ದಾರಿ ಕೊಟ್ಟೆ. ಕೆಲವು ಪ್ರೋಗ್ರಾಮುಗಳು ಆ ಮಾತು ಕೇಳೋದಿಲ್ಲ, ಹೋಮ್‌ನಲ್ಲೇ ಬರೆಯುತ್ತವೆ. ಇರಲಿ. ಎಸ್‌ಎಸ್‌ಡಿ ಆದ್ದರಿಂದ ವೇಗ ಸಾಕು, ಬ್ಯಾಕಪ್ ಹಗುರ, ಕರೆಂಟ್ ಹೋದರೂ ಗಣಪತಿ ಅಲ್ಲೇ ಇರುತ್ತಾನೆ. ಆಗಾಗ ‘ಆಪ್ಟ್ ಕ್ಲೀನ್’ ಕೊಟ್ಟು ಜಾಗ ಬಿಡಿಸಿಕೊಳ್ಳಬೇಕು, ಅಷ್ಟೇ.

ಹಾಗಂತ ರ‍್ಯಾಮ್ ಪೂರ್ತಿ ಬಿಟ್ಟಿಲ್ಲ. ಒಮ್ಮೆ ಥಂಬ್‌ನೇಲ್ ಫೋಲ್ಡರ್ ತೆರೆದು ನೋಡಿದರೆ, ನಾನು ಎಂದೋ ಅಳಿಸಿದ್ದ ಗಿರಾಕಿಗಳ ಆಧಾರ್ ಸ್ಕ್ಯಾನ್‌ಗಳ ಚಿತ್ರ ಸಾಲಾಗಿ ಕೂತಿದ್ದವು. ಎದೆ ಧಸಕ್ಕೆಂದಿತು. ಈಗ ಸ್ಕ್ಯಾನ್ ಕೆಲಸಕ್ಕೆ ಬೇರೆ ಯೂಸರ್ ಮಾಡಿದ್ದೇನೆ. ಅವನ ಕ್ಯಾಶ್ ಮಾತ್ರ ರ‍್ಯಾಮ್‌ನಲ್ಲಿ. ಸಂಜೆ ಅಂಗಡಿ ಮುಚ್ಚುವಾಗ ಕಂಪ್ಯೂಟರ್ ಆಫ್ ಮಾಡಿದರೆ ಎಲ್ಲಾ ಖಾಲಿ.