ಗಾಲ್ಫ್ ಬಗ್ಗಿ ಬ್ಯಾಟರಿ ‘ರೀಕಂಡಿಷನ್’ ಮಾಡಿಸೋರು ಇದನ್ನ ಓದಿ, ಆಮೇಲೆ ದುಡ್ಡು ಕೊಡಿ

ನಂದಿ ಬೆಟ್ಟದ ಸುತ್ತಮುತ್ತ ರೆಸಾರ್ಟು, ಹೋಂಸ್ಟೇಗಳಲ್ಲಿ ಗಾಲ್ಫ್ ಬಗ್ಗಿ (ಗೆಸ್ಟ್‌ಗಳನ್ನ ಕರ್ಕೊಂಡು ಹೋಗೋ ಚಿಕ್ಕ ಬ್ಯಾಟರಿ ಗಾಡಿ) ಓಡಿಸೋರಿಗೆ ಹೇಳ್ತಿದ್ದೀನಿ. ಚಿಕ್ಕಬಳ್ಳಾಪುರದಲ್ಲಿ ‘ಸತ್ತ ಬ್ಯಾಟರಿ ಬದುಕಿಸ್ತೀವಿ’ ಅಂದವನಿಗೆ 15,000 ಕೊಟ್ಟು ಕೂತಿದ್ದೀನಿ. ಆರು ಬ್ಯಾಟರಿ, ಒಂದಕ್ಕೆ 2,500. ಹೈಡ್ರೋಮೀಟರ್ (ಬ್ಯಾಟರಿ ಆಸಿಡ್ ಎಷ್ಟು ಗಾಢ ಅಂತ ಅಳೆಯೋ ಕೊಳವೆ) ನೋಡೋಕೆ ಬರೋ ನಾನೇ ಕೊಟ್ಟೆ, ಅದೇ ನಾಚಿಕೆ.

48 ವೋಲ್ಟ್ ಗಾಡಿ. 8 ವೋಲ್ಟಿನ ಆರು, ನೀರು ಹಾಕೋ ಬ್ಯಾಟರಿಗಳು, ಒಂದೊಂದರೊಳಗೂ ನಾಲ್ಕು ಸೆಲ್, ಒಟ್ಟು 24. ಮಳೆಗಾಲದಲ್ಲಿ ಮೂರು ತಿಂಗಳು ಚಾರ್ಜ್ ಹಾಕದೆ ನಿಲ್ಲಿಸಿದ್ದು ನಮ್ಮ ತಪ್ಪು, ಒಪ್ಕೋತೀನಿ. ಹಾಗೆ ಬಿಟ್ಟರೆ ಒಳಗಿನ ಸೀಸದ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಮತ್ತೆ ಕರಗಲ್ಲ. ರಾತ್ರಿಯಿಡೀ ಚಾರ್ಜ್ ಮಾಡಿದ್ರೂ ಗ್ರಾವಿಟಿ (ಹೈಡ್ರೋಮೀಟರ್ ತೋರಿಸೋ ಲೆಕ್ಕ) 1.180 ದಾಟ್ತಿರಲಿಲ್ಲ. ಫುಲ್ ಆದ ಸೆಲ್ 1.265ರಿಂದ 1.280 ತೋರಿಸಬೇಕು.

ಮೂರು ದಿನ ಅಂಗಡೀಲಿ ಇಟ್ಕೊಂಡು ತಂದ. ‘ನೀವೇ ಚೆಕ್ ಮಾಡ್ಕೊಳಿ ಸಾರ್’ ಅಂತ ಹೈಡ್ರೋಮೀಟರ್ ನನ್ನ ಕೈಗೇ ಕೊಟ್ಟ. ಮೊದಲ ಸೆಲ್ 1.280. ಎರಡನೇದು 1.280. ಒಳಗಿನ ಕಡ್ಡಿ ಹಸಿರು ಪಟ್ಟಿ ತೋರಿಸ್ಕೊಂಡು ತೇಲ್ತಿತ್ತು. 24 ಸೆಲ್ಲೂ ಅಚ್ಚು ಹಾಕಿದ ಹಾಗೆ ಒಂದೇ ಲೆಕ್ಕ! ಹಳೇ ಸೆಟ್ಟಲ್ಲಿ ಸೆಲ್ಲಿಂದ ಸೆಲ್ಲಿಗೆ ಹತ್ತಿಪ್ಪತ್ತು ಪಾಯಿಂಟ್ (ಅಂದ್ರೆ 0.010, 0.020) ಆಚೀಚೆ ಇದ್ದೇ ಇರುತ್ತೆ. ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಸ್ಕ್ಯಾನ್ ಮಾಡಿ ದುಡ್ಡು ಹಾಕಿಬಿಟ್ಟೆ.

ಅವನು ಮಾಡಿದ್ದು ಇಷ್ಟೇ: ಒಳಗಿದ್ದದ್ದನ್ನ ಬಸಿದು ಹೊಸ ಆಸಿಡ್ ಸುರಿದಿದ್ದಾನೆ. ಹೈಡ್ರೋಮೀಟರ್ ಅಳೆಯೋದು ನೀರಲ್ಲಿ ಆಸಿಡ್ ಎಷ್ಟಿದೆ ಅಂತ. ಪ್ಲೇಟಿಗೆ ಜೀವ ಇದೆಯಾ ಅಂತ ಅದಕ್ಕೇನು ಗೊತ್ತು? ಮೇಲಾಗಿ ಹೆಚ್ಚಾದ ಆಸಿಡ್ ಪಾಸಿಟಿವ್ ಪ್ಲೇಟನ್ನೇ ತಿನ್ನುತ್ತೆ.

ನಾಲ್ಕನೇ ದಿನ ಕಾಟೇಜಿಗೆ ಹೋಗೋ ಏರಿನಲ್ಲಿ, ಲಗೇಜ್ ಸಮೇತ ನಾಲ್ಕು ಜನ ಕೂತಿದ್ದಾಗ ಗಾಡಿ ನಿಂತೇ ಹೋಯ್ತು. ಬೆಳಿಗ್ಗೆ 50.8 ವೋಲ್ಟ್ ಇದ್ದದ್ದು! ಆಕ್ಸಿಲರೇಟರ್ ಒತ್ತಿಸಿ ಒಂದೊಂದಕ್ಕೂ ಮೀಟರ್ ಇಟ್ಟರೆ, ಎರಡು ಬ್ಯಾಟರಿ 5 ವೋಲ್ಟಿಗೆ ಕುಸಿದವು. ಲೋಡಲ್ಲೂ 7ರ ಕೆಳಗೆ ಇಳಿಯಬಾರದು. ಗ್ರಾವಿಟಿ ಮಾತ್ರ ಇನ್ನೂ 1.250. ಓಡ್ತಾ ಓಡ್ತಾ ಆಸಿಡ್ ಪ್ಲೇಟಿಗೆ ಸೇರಿ ಗ್ರಾವಿಟಿ ಇಳಿಯುತ್ತೆ, ನಿಜವಾಗಿ ಓಡಿ ಖಾಲಿಯಾದ ಬ್ಯಾಟರೀಲಿ 1.150ರ ಆಸುಪಾಸು ಬಂದಿರಬೇಕಿತ್ತು. ಮೋಸ ಹೋಗಿದ್ದು ಖಾತ್ರಿಯಾಗಿದ್ದು ಆಗ.

ಫೋನ್ ಮಾಡಿದ್ರೆ ಮೊದಲ ಉತ್ತರ, ‘ಬೋರ್‌ವೆಲ್ ನೀರು ಹಾಕಿದ್ರಾ ಸಾರ್?’ ನಾಲ್ಕೇ ದಿನಕ್ಕೆ ಯಾರಯ್ಯ ನೀರು ಹಾಕ್ತಾರೆ? ನಮ್ಮ ಕಡೆ ಗಡಸು ನೀರು ಬ್ಯಾಟರಿಗಾಗಲ್ಲ ಅಂತ ಎಲ್ರಿಗೂ ಗೊತ್ತು. ಡಿಸ್ಟಿಲ್ಡ್ ವಾಟರೇ ಹಾಕೋದು, ಅದೂ ಚಾರ್ಜ್ ಮುಗಿದ ಮೇಲೆ. ಎರಡನೇ ಸಲ, ‘ಮೋಟಾರ್ ಪ್ರಾಬ್ಲಂ ಇರಬೇಕು.’ ಮೂರನೇ ಸಲ, ‘ಗ್ರಾವಿಟಿ ನೀವೇ ನೋಡಿ ಓಕೆ ಅಂದ್ರಲ್ಲ ಸಾರ್?’ ಇದಕ್ಕೆ ನನ್ನ ಬಾಯಿ ಕಟ್ಟಿಹೋಯ್ತು. ನಾನೇ ನೋಡಿದ್ದೆ. ನಾನೇ ಓಕೆ ಅಂದಿದ್ದೆ.

ಬರೀ ಗ್ರಾವಿಟಿ ನೋಡಿ ದುಡ್ಡು ಕೊಡಬೇಡಿ. ಜನ ತುಂಬಿ ಅರ್ಧ ಗಂಟೆ ಓಡಿಸಿ, ಏರು ಹತ್ತಿಸಿ, ಲೋಡಲ್ಲಿ ವೋಲ್ಟೇಜ್ ನೋಡಿ, ಆಮೇಲೆ ಗ್ರಾವಿಟಿ ಇಳಿದಿದೆಯಾ ನೋಡಿ. ವೋಲ್ಟೇಜ್ ಕುಸಿದ್ರೂ ಗ್ರಾವಿಟಿ ಅಷ್ಟಾಗಿ ಇಳಿದಿಲ್ಲ ಅಂದ್ರೆ ಆಸಿಡ್ ಆಟ. ಸಲ್ಫೇಟ್ ಸ್ವಲ್ಪವೇ ಕೂತಿದ್ದರೆ ಈಕ್ವಲೈಸ್ ಚಾರ್ಜಿಗೆ (ಫುಲ್ ಆದ ಮೇಲೂ ಬೇಕಂತಲೇ ಇನ್ನಷ್ಟು ಹೊತ್ತು ಹಾಕೋ ಚಾರ್ಜ್) ಒಂದಿಷ್ಟು ಸುಧಾರಿಸುತ್ತೆ, ಅದಕ್ಕೆ ಆಸಿಡ್ ಬಾಟ್ಲಿ ಬೇಕಿಲ್ಲ. ಮತ್ತೆ ಬಿಲ್ ಇಲ್ಲದ ವಾರಂಟಿ ನಂಬಬೇಡಿ, ನಂದೂ ಬರೀ ಬಾಯಿಮಾತೇ ಆಗಿತ್ತು.

ನಿನ್ನೆ ಅವನೇ ಫೋನ್ ಮಾಡಿದ್ದ. ‘ಆ ಹಳೇ ಬ್ಯಾಟರಿ ಸುಮ್ನೆ ಯಾಕೆ ಇಟ್ಕೊಂಡಿದ್ದೀರ ಸಾರ್, ಗುಜರಿ ರೇಟಿಗೆ ನಾನೇ ತಗೋತೀನಿ.’